ಎಂಟು ಕೆಂಪು ಸಿಲಿಂಡರುಗಳು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಗೋಡೆಗೆ ತೂಗುಹಾಕಿದ್ದ, ಬೆಂಕಿ ಆರಿಸುವ ಎಂಟು ಕೆಂಪು ಸಿಲಿಂಡರುಗಳು ಕಳುವಾಗಿದ್ದವು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಮತ್ತು ಒಬ್ಬ ಮಹಿಳಾ ಪೇದೆಯೊಂದಿಗೆ ಹೊರಟರು.

"ಯಾರೋ ಗುಜರಿಗೆ ಹಾಕೋಕೆ ಎತ್ತಿರ್ತಾರೆ ಸಾರ್," ಎಂದ ಹೆಡ್ ಕಾನ್‌ಸ್ಟೆಬಲ್.

ಹಾಸ್ಟೆಲಿನ ಕ್ಯಾಮೆರಾ ಬೇರೆಯದನ್ನೇ ತೋರಿಸಿತು. ಭಾನುವಾರ ಹಾಡುಹಗಲೇ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಸಿಲಿಂಡರುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಮುಂಬಾಗಿಲಿನಿಂದಲೇ ಹೋಗಿದ್ದಳು. ಕಾವಲುಗಾರನೇ ಗೇಟು ತೆಗೆದಿದ್ದ.

"ಯಾಕಯ್ಯಾ ಬಿಟ್ಟೆ?"

"ಸಿಲಿಂಡರ್ ತುಂಬಿಕೊಡೋರ ತಂಗಿ ಸಾರ್. ಪ್ರತಿ ವರ್ಷ ಹೊಸ ತಾರೀಕಿನ ಚೀಟಿ ಅಂಟಿಸೋಕೆ ಬರೋರು ಅವರೇ. ತುಂಬಿಸೋಕೆ ಒಯ್ತಿದಾರೆ ಅಂದ್ಕೊಂಡೆ, ಇವತ್ತು ನಾನು ಕೆಲಸಕ್ಕೆ ಬರೋಷ್ಟರಲ್ಲಿ ಮೇಡಂ ಠಾಣೆಗೆ ಹೋಗಿಬಿಟ್ಟಿದ್ರು."

ಹೆಡ್ ಕಾನ್‌ಸ್ಟೆಬಲ್‌ನ ಮುಖ ಸಪ್ಪಗಾಯಿತು. "ಸಾರ್, ಈಯಮ್ಮ ಠಾಣೆಗೆ ಎರಡು ಮೂರು ಸಲ ಬಂದಿದ್ರು. ಅಣ್ಣ ಖಾಲಿ ಸಿಲಿಂಡರ್‌ಗೆ ಬಣ್ಣ ಬಳಿದು ತುಂಬಿದೀನಿ ಅಂತ ಕೊಡ್ತಾನೆ ಅಂದ್ರು. ಮನೆ ಜಗಳ ಮನೇಲೇ ಮುಗಿಸ್ಕೊಳ್ಳಮ್ಮಾ ಅಂತ ಕಳಿಸಿದ್ದೆ."

ಇನ್ಸ್‌ಪೆಕ್ಟರ್ ಅವನನ್ನು ಒಮ್ಮೆ ನೋಡಿ ಜೀಪು ಹತ್ತಿದರು.

ಆಕೆಯ ಮನೆಯ ಬಾಗಿಲು ತೆರೆದೇ ಇತ್ತು. ಎಂಟೂ ಸಿಲಿಂಡರುಗಳು ನಡುಮನೆಯಲ್ಲಿ ಸಾಲಾಗಿ ನಿಂತಿದ್ದವು.

"ಕದ್ದಿದ್ದು ನೀವೇನಾ?"

"ನಾನೇ. ಹಾಗೇ ಬರ್ಕೊಳ್ಳಿ. ಪಂಚನಾಮೆ ಮಾಡ್ತೀರಲ್ಲ, ಒಂದನ್ನ ಒತ್ತಿ ನೋಡಿ."

ಅಕ್ಕಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆಸಲಾಯಿತು. ಇನ್ಸ್‌ಪೆಕ್ಟರ್ ಒಂದು ಸಿಲಿಂಡರಿನ ಪಿನ್ನು ಕಿತ್ತು ಹಿಡಿ ಒತ್ತಿದರು. ಟುಸ್ಸೆಂದು ಗಾಳಿ ಬಂತು. ಎರಡನೆಯದರಲ್ಲಿ ಅದೂ ಇಲ್ಲ. ಉಳಿದವನ್ನು ಪರೀಕ್ಷೆಗೆ ಕಳಿಸಲು ಮುದ್ರೆ ಹಾಕುತ್ತಿದ್ದಾಗ ಅಣ್ಣ ಏದುಸಿರು ಬಿಡುತ್ತ ಬಂದ.

"ವಾರ್ಡನ್ ದೂರು ವಾಪಸ್ ತಗೋತಾರೆ ಸಾರ್, ಮಾತಾಡಿದೀನಿ. ಈ ಕಾಲದಲ್ಲಿ ಯಾರು ಮಾಡಲ್ಲ ಹೇಳಿ? ದಿನಾ ಬೆಂಕಿ ಬೀಳುತ್ತಾ?"

"ವಾಪಸ್ ತಗೊಳ್ಳಲಿ ಅಣ್ಣಾ," ಎಂದಳು ತಂಗಿ. "ನಾಳೆ ಆಸ್ಪತ್ರೆಯಿಂದ ಕದೀತೀನಿ. ಅಲ್ಲೂ ನಿನ್ನವೇ ತಾನೇ ಇರೋದು?"

"ಯಾರೂ ಏನೂ ವಾಪಸ್ ತಗೊಳ್ಳೋ ಹಾಗಿಲ್ಲ," ಎಂದರು ಇನ್ಸ್‌ಪೆಕ್ಟರ್. "ನೀವೂ ಜೀಪು ಹತ್ತಿ. ನಿಮ್ಮ ಹೆಸರಲ್ಲಿ ಇನ್ನೊಂದು ಎಫ್‌ಐಆರ್ ಆಗಬೇಕು."

ಬಂಧನದ ಕಾಗದಕ್ಕೆ ಸಹಿ ಹಾಕಿ ಹೊರಬಂದ ಆಕೆ ಹೆಡ್ ಕಾನ್‌ಸ್ಟೆಬಲ್‌ನ ಮುಂದೆ ನಿಂತಳು. "ನಿಜ ಹೇಳೋಕೆ ಬಂದಾಗ ಕೂರೋಕೊಂದು ಕುರ್ಚಿ ಕೊಡ್ಲಿಲ್ಲ ನೀವು. ಕದ್ದ ಮೇಲೆ ಮನೆಬಾಗಿಲಿಗೇ ಜೀಪು ಬಂತು ನೋಡಿ."

ಠಾಣೆಯಲ್ಲಿ ಆಕೆ ನೀಡಿದ ಹೇಳಿಕೆ ಚಿಕ್ಕದು. ಬೀದಿಯ ದರ್ಜಿಯ ಅಂಗಡಿಗೆ ಬೆಂಕಿ ಬಿದ್ದ ದಿನ ಅವನು ಆಕೆ ಚೀಟಿ ಅಂಟಿಸಿಕೊಟ್ಟಿದ್ದ ಸಿಲಿಂಡರನ್ನು ಒತ್ತುತ್ತಲೇ ಇದ್ದ. ಎರಡೂ ಅಂಗೈ ಸುಟ್ಟುಹೋದವು. ನೋಡಲು ಹೋದವಳಿಗೆ ಅವನು, ನಾನೇ ಸರಿಯಾಗಿ ಒತ್ತಲಿಲ್ಲವೇನೋ ಅಕ್ಕಾ ಎಂದಿದ್ದ.

ಹೆಡ್ ಕಾನ್‌ಸ್ಟೆಬಲ್ ಅದನ್ನೆಲ್ಲ ಬರೆದು, ರೂಢಿಯಂತೆ ಕೊನೆಯಲ್ಲಿ 'ಮಾಡಿದ ಕೃತ್ಯಕ್ಕೆ ಪಶ್ಚಾತ್ತಾಪವಿದೆ' ಎಂದು ಸೇರಿಸಿದ್ದ. ಆಕೆ ಓದಿ ಪೆನ್ನು ಕೆಳಗಿಟ್ಟಳು.

"ಇದನ್ನ ಹೊಡೆದುಹಾಕಿ. ನನ್ನ ಸಹಿಯ ಮೇಲೆ ಸುಳ್ಳು ಬೇಡ."

ಆ ಸಾಲಿಗೆ ಗೀಟು ಎಳೆದವರು ಇನ್ಸ್‌ಪೆಕ್ಟರ್.