ಬಾಗಿಲ ಹೊರಗಿನ ಬೂಟು

ನಾವಿರುವ ಮಾರ್ಟಿನೇಜ್ ಸಣ್ಣ ಊರು. ಕೌಂಟಿಯ, ಅಂದರೆ ಅಮೆರಿಕದ ಲೆಕ್ಕದಲ್ಲಿ ಜಿಲ್ಲೆಯ, ಕೋರ್ಟು ಇಲ್ಲೇ ಇರುವುದರಿಂದ ಹಗಲೆಲ್ಲ ವಕೀಲರು, ಕಕ್ಷಿಗಾರರು ಓಡಾಡುತ್ತಿರುತ್ತಾರೆ. ಸಂಜೆ ಅವರೆಲ್ಲ ಕಾರು ಹತ್ತಿ ಹೋದರೆ ಉಳಿಯುವುದು ರೈಲಿನ ಕೂಗು, ಊರಂಚಿನ ಕೊಲ್ಲಿಯ ಕಡೆಯಿಂದ ಬೀಸುವ ಗಾಳಿ.

ಹೋದ ತಿಂಗಳು ಒಂದು ಭಾನುವಾರ ಹೊಸ ಅಪಾರ್ಟ್‌ಮೆಂಟಿಗೆ ಸ್ನೇಹಿತರನ್ನು ಊಟಕ್ಕೆ ಕರೆದಿದ್ದೆವು. ಬಾಗಿಲು ತೆರೆದೇ ಇತ್ತು. ನಾನು ಪಾಯಸ ತಿರುವುತ್ತಿದ್ದಾಗ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ತಿರುಗಿಯೂ ನೋಡದೆ, “ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಬನ್ನಿ,” ಎಂದು ಕೂಗಿದೆ. ಹೆಜ್ಜೆ ನಿಂತಿತು. ಯಾರೂ ಬರಲಿಲ್ಲ. ಹಿಂದೆ ಯಾರೋ ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ ಬೆನ್ನು ಮಾತ್ರ ತಣ್ಣಗಾಯಿತು.

ಎಲ್ಲರೂ ಹೊರಟ ಮೇಲೆ ನೋಡಿದರೆ ಬಾಗಿಲ ಹೊರಗೆ ಒಂದು ಜೊತೆ ಹಳೇ ಬೂಟು ಉಳಿದಿತ್ತು. ಮಳೆ ಬಂದು ತಿಂಗಳುಗಳೇ ಆಗಿದ್ದವು, ಆದರೂ ಅದು ನೆನೆದು ತೊಪ್ಪೆಯಾಗಿತ್ತು. ಸ್ಯಾನ್ ಮಟಿಯೋದಿಂದ ಬಂದಿದ್ದ ಗೆಳತಿ ಗಾರ್ಗಿಗೆ ಫೋನು ಮಾಡಿದೆ.

“ನಮ್ದಲ್ಲ ಕಣೇ. ಬೂಟು ಬಿಟ್ಟು ಬರಿಗಾಲಲ್ಲಿ ಯಾರು ಡ್ರೈವ್ ಮಾಡ್ಕೊಂಡು ಹೋಗ್ತಾರೆ?” ಎಂದಳು. ಉಳಿದವರೂ ತಮ್ಮದಲ್ಲ ಎಂದರು.

ನನ್ನ ಗಂಡ ಅನುರಾಗ್ ಅದನ್ನು ಎತ್ತಿಡಲು ಬಗ್ಗಿದವನು ಕೈ ಹಿಂದಕ್ಕೆ ತೆಗೆದ.

“ಒಳಗಡೆ ಬೆಚ್ಚಗಿದೆ,” ಎಂದ. “ಈಗ್ತಾನೆ ಕಳಚಿಟ್ಟ ಹಾಗೆ.”

ಬೂಟು ಇನ್ನೂ ಅಲ್ಲೇ ಇದೆ, ಇವತ್ತಿಗೂ ಬೆಚ್ಚಗೇ ಇದೆ. ನಮ್ಮವರ ಮನೆಗಳಲ್ಲಿ ಚಪ್ಪಲಿ ಹೊರಗಿದ್ದರೆ ಜನ ಒಳಗಿದ್ದಾರೆಂದೇ ಲೆಕ್ಕ. ಆ ಮಾತನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿಲ್ಲ. ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುತ್ತೇನೆ, ಅಷ್ಟೆ.

ಒಂದು ದಿನವೂ ಮಿಕ್ಕಿದ್ದಿಲ್ಲ.