ಇಪ್ಪತ್ತೇಳು ಗೂಟಗಳು

ಗೂಟಗಳು ಜಾಗ ಬದಲಿಸಿದ್ದವು.

ಅದನ್ನು ಮೊದಲು ಕಂಡವನು ಸರ್ವೆ ಓವರ್‌ಸೀಯರ್ ಅಪ್ಪಣ್ಣ. ಹುಕ್ಕೇರಿ ಸಂತೆಯ ಮರುದಿನ, ಬೆಳಗಿನ ಏಳು ಗಂಟೆ. ಮೂಡಲಗಿಗೂ ತುಕ್ಕಾನಟ್ಟಿಗೂ ನಡುವಿನ ಬಯಲಿನಲ್ಲಿ ಸಿದ್ಧವಾಗುತ್ತಿದ್ದ ವಿಮಾನ ನಿಲ್ದಾಣದಿಂದ ಹೊಸ ರೈಲು ಹಳಿಗಾಗಿ ಹೊರಟ ಗೂಟಗಳ ಸಾಲು ಮೂವತ್ತರ ತನಕ ನೆಟ್ಟಗೆ ಬಂದಿತ್ತು. ಅಲ್ಲಿಂದಾಚೆ ಬರಿಯ ಕುಳಿಗಳು. ಮೂವತ್ತೊಂದರಿಂದ ಐವತ್ತೇಳರವರೆಗಿನ ಗೂಟಗಳು ಎಡಕ್ಕೆ ಹೊರಳಿ, ಹೊಲಗಳ ನಡುವೆ ಬೇರೊಂದು ದಾರಿ ಹಿಡಿದು ನಿಂತಿದ್ದವು. ಯಾವುದೂ ಮುರಿದಿರಲಿಲ್ಲ. ಯಾವುದೂ ಕಳೆದಿರಲಿಲ್ಲ.

ಬೇರೆ ಕಾಲವಾಗಿದ್ದರೆ ಅಪ್ಪಣ್ಣ ಬೈದುಕೊಂಡು ಅಳತೆಯ ಸರಪಳಿ ಬಿಚ್ಚುತ್ತಿದ್ದ. ಆದರೆ ಅದು ಎರಡನೆಯ ಮಹಾಯುದ್ಧದ ನಾಲ್ಕನೆಯ ವರ್ಷ. ವಿಮಾನ ನಿಲ್ದಾಣಕ್ಕೆ ಸೇರಿದ ಒಂದು ಮೊಳೆ ಅಲುಗಿದರೂ ಅದು ರಾಜದ್ರೋಹ. ಮಧ್ಯಾಹ್ನದೊಳಗೆ ಹವಾಲ್ದಾರ ಖಂಡೆಪ್ಪ ಒಬ್ಬನನ್ನು ಹಿಡಿದು ಗೋಕಾಕದ ಠಾಣೆಗೆ ಕಳಿಸಿಯೂ ಆಗಿತ್ತು. ಆತ ಹೊಳೆಪ್ಪ, ಕುರಿ ಕಾಯುವವನು. ಮರುದಿನ ಹನ್ನೆರಡು ಗಂಟೆಗೆ ಬೆಳಗಾವಿಯಿಂದ ಮಿಲಿಟರಿ ಲಾರಿ ಬರುವುದಿತ್ತು. ಆ ಲಾರಿ ಹತ್ತಿದವನಿಗೆ ಜಾಮೀನಿಲ್ಲ. ವರ್ಷಗಳ ಲೆಕ್ಕವನ್ನೂ ಯಾರೂ ಹೇಳುವುದಿಲ್ಲ.

* * *

ಫೌಜದಾರ ಮುರಿಗೆಪ್ಪ ಬಯಲಿಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಐವತ್ತೈದರ ಹತ್ತಿರದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಗೋಕಾಕದ ಪೊಲೀಸ್ ವಸತಿಯಲ್ಲಿ ಒಬ್ಬನೇ ಇದ್ದ. ಮಾತು ಕಡಿಮೆಯಾಗಿ, ನೋಟ ಹೆಚ್ಚಾಗಿತ್ತು.

ಹೊಳೆಪ್ಪನನ್ನು ಯಾಕೆ ಹಿಡಿದೆ ಎಂದು ಆತ ಕೇಳಿದ. ಖಂಡೆಪ್ಪನ ಬಳಿ ಕಾರಣಗಳಿಗೆ ಬರವಿರಲಿಲ್ಲ. ಗೂಟಗಳು ಕುರಿ ಮೇಯುವ ಗೋಮಾಳವನ್ನು ಸೀಳಿಕೊಂಡು ಹೋಗಿದ್ದವು. ಹೋದ ವಾರ ಹೊಳೆಪ್ಪ ಒಂದು ಗೂಟ ಕಿತ್ತು ಕುರಿಮರಿ ಕಟ್ಟಿದ್ದ. ಅವನ ಹಟ್ಟಿಯಲ್ಲಿ ಕುರಿದೊಡ್ಡಿಯ ಬಲೆಗೆ ಗೂಟ ಹೊಡೆಯುವ ಕೊಡತಿಯೂ ಸಿಕ್ಕಿತ್ತು.

"ಕುರಬನ ಹಟ್ಟ್ಯಾಗ ಕೊಡತಿ ಸಿಗದ ತಂಬೂರಿ ಸಿಗತೈತೇನೋ?" ಎಂದ ಮುರಿಗೆಪ್ಪ.

ಆತ ಹೊಸ ಸಾಲಿನ ಗುಂಟ ನಡೆಯತೊಡಗಿದ. ಮೂವತ್ತೊಂದು. ಮೂವತ್ತೆರಡು. ಮೂವತ್ತಮೂರು. ಕೆಂಪು ಬಣ್ಣದ ಇಂಗ್ಲಿಷ್ ಅಂಕಿಗಳು, ಒಂದೂ ಹಿಂದುಮುಂದಾಗದೆ, ಐವತ್ತೇಳರ ತನಕ. ಗೂಟಗಳ ಕೊರಳಿನಲ್ಲಿ ಹಗ್ಗ ಉಜ್ಜಿದ ಗೀರುಗಳಿದ್ದವು. ಅಂದರೆ ಅವನ್ನೆಲ್ಲ ಕಟ್ಟಿ ಹೊತ್ತು ತಂದಿದ್ದಾರೆ. ಕಟ್ಟಿನಲ್ಲಿ ಕಲಸಿಹೋದವನ್ನು ಮತ್ತೆ ಅಂಕಿ ನೋಡಿ ಸಾಲು ಹಚ್ಚಿದ್ದಾರೆ.

"ಹೊಳೆಪ್ಪಗ ಅಂಕಿ ಓದಾಕ ಬರತೈತೇನು?"

ಖಂಡೆಪ್ಪ ತಲೆ ಕೆರೆದುಕೊಂಡ. ಹೊಳೆಪ್ಪ ಕುರಿಗಳನ್ನೇ ಮುಖ ನೋಡಿ ಗುರುತಿಸುವವನು. ಎಣಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಮುರಿಗೆಪ್ಪ ಮತ್ತೆ ಹಿಂದಕ್ಕೆ ನಡೆದು ಮೂವತ್ತನೆಯ ಗೂಟದ ಬಳಿ ನಿಂತ. ಯಾರೂ ಮುಟ್ಟದ ಆ ಗೂಟದ ಅಂಕಿ ವಿಮಾನ ನಿಲ್ದಾಣದ ಕಡೆಗೆ ಮುಖ ಮಾಡಿತ್ತು. ಮೂವತ್ತೊಂದರ ಅಂಕಿ ಹಾಗಿರಲಿಲ್ಲ. ಅದು ಸಾಲಿನ ಅಡ್ಡಕ್ಕೆ, ಪಡುವಲಕ್ಕೆ ನೋಡುತ್ತಿತ್ತು. ಉಳಿದ ಇಪ್ಪತ್ತಾರೂ ಹಾಗೆಯೇ.

ಅಪ್ಪಣ್ಣನನ್ನು ಕರೆದು ಕೇಳಿದಾಗ ಅವನಿಗೂ ಆಗಲೇ ಅದು ಕಂಡಿತು.

"ಸರ್ವೆ ಕಲತಾವ್ರು ಹಿಂಗ ನೆಡಂಗಿಲ್ರಿ ಸಾಹೇಬ್ರ. ನಂಬರಿನ ಮಾರಿ ಸಾಲು ಸುರು ಆಗೂ ಸೊನ್ನಿ ಗೂಟದ ಕಡೆ ಇರಬೇಕು. ಲೈನ್ ಹಿಡದು ಮುಂದ ಬರಾವ್ಗ ಕಾಣಬೇಕಲ್ರಿ."

"ತಪ್ಪಿ ಒಂದೆರಡು ತಿರುಗ್ಯಾವ ಅನ್ನೂಣು. ಇಪ್ಪತ್ತೇಳೂ?"



* * *

ತುಕ್ಕಾನಟ್ಟಿಯ ದುಂಡಪ್ಪ ಎರಡನೆಯ ಅನುಮಾನ. ಹಳೆಯ ಸಾಲು ಅವನ ಹೊಸ ಬಾವಿಯ ಮೇಲೆಯೇ ಹಾದಿತ್ತು. ಹೊಸ ಸಾಲು ಬಾವಿಯನ್ನು ಬಿಟ್ಟಿತ್ತು. ಅವನಿಗೆ ಅಂಕಿಯೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಫೌಜದಾರ ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ದುಂಡಪ್ಪ ಅವನನ್ನು ಕಬ್ಬಿನ ತೋಟಕ್ಕೆ ಕರೆದೊಯ್ದ. ನಾಲ್ವತ್ತೆರಡರಿಂದ ನಾಲ್ವತ್ತೊಂಬತ್ತರವರೆಗಿನ ಗೂಟಗಳು ಆಳುದ್ದದ ಕಬ್ಬಿನ ನಡುವೆ ನಿಂತಿದ್ದವು.

"ಬಾವಿ ಉಳಸಾಕ ಕಬ್ಬ ಕಳಕೊಳ್ಳೂವಷ್ಟು ಮಂಗ್ಯಾ ಕಾಣತೇನೇನ್ರಿ ನಿಮಗ?"

ಮೇಲಾಗಿ ಸಂತೆಯ ದಿನ ಆತ ಎತ್ತು ಕೊಳ್ಳಲು ಹುಕ್ಕೇರಿಗೆ ಹೋಗಿದ್ದ. ಸರ್ವೆಯವರೂ ಅಂದು ರಜೆ ಹಾಕಿ ಅದೇ ಸಂತೆಯಲ್ಲಿದ್ದರು. ಅಪ್ಪಣ್ಣನೇ ಅವನನ್ನು ಅಲ್ಲಿ ಕಂಡಿದ್ದ.

ಹೊಲದಲ್ಲಿ ಅಂದು ಉಳಿದವಳು ಕೂಲಿಯ ಗುಡ್ಡವ್ವ ಒಬ್ಬಳೇ. ದಿನವಿಡೀ ಹಕ್ಕಿ ಕಾದಿದ್ದಳು. ಯಾರನ್ನು ಕಂಡೆ ಎಂದರೆ ಯಾರನ್ನೂ ಇಲ್ಲ ಎಂದಳು. ಮುರಿಗೆಪ್ಪ ಬದುವಿನ ಮೇಲೆ ಕುಳಿತ. ಇಷ್ಟು ದೊಡ್ಡ ಬಯಲಿನಲ್ಲಿ ಒಬ್ಬಳೇ ಇರಲು ಬೇಸರವಾಗಲಿಲ್ಲವೇ ಎಂದು ಕೇಳಿದ.

"ಆಗತೈತ್ರಿ. ಕಟಿಗಿ ಹೊರಿ ಹೊತ್ತು ಒಬ್ಬಾಕಿ ಹೊಂಟಿದ್ಲು, ಒದರಿದ್ನಿ. ದೂರ ಇದ್ಲು, ಕೇಳಲಿಲ್ಲ."

"ಯಾವ ಕಡೆ ಹೊಂಟಿದ್ಲು?"

"ರೈಲ್ ಲೈನಿನ ಕಡೆ. ಎರಡ ಸಲ."

ಫೌಜದಾರ ಎದ್ದು ನಿಂತ. ಆ ಸೀಮೆಯ ಹೆಂಗಸರು ರೈಲು ದಾರಿಯ ಪಕ್ಕದ ಜಾಲಿ ಪೊದೆಗಳಿಂದ ಕಟ್ಟಿಗೆ ಕಡಿದು ಊರಿಗೆ ಹೊರುತ್ತಾರೆ. ಊರ ಕಡೆಯಿಂದ ಜಾಲಿಯ ಕಡೆಗೆ ಯಾರೂ ಹೊರುವುದಿಲ್ಲ.

* * *

ಅಪ್ಪಣ್ಣನ ಡೇರೆಯಲ್ಲಿ ಮುರಿಗೆಪ್ಪ ನಕ್ಷೆಯನ್ನು ಬಿಡಿಸಿದ. ಈ ಹೊಸ ಹಳಿ ಎಲ್ಲಿಗೆ ಹೋಗಿ ಸೇರಬೇಕಾಗಿತ್ತು ಎಂದು ವಿಚಾರಿಸಿದ.

ಅಪ್ಪಣ್ಣ ವಿವರಿಸಿದ. ಬೆಳಗಿನ ಲೋಕಲ್ ಗಾಡಿ ಗಿರಣಿಯ ಕೆಲಸಗಾರರನ್ನು ಹೊತ್ತು ದಿನವೂ ಓಡುತ್ತದೆ. ಅದೇ ಗಾಡಿಗೆ ಇನ್ನು ನಾಲ್ಕು ಡಬ್ಬಿ ಹೆಚ್ಚಿಗೆ ಜೋಡಿಸಿ, ಕೂಡುವ ಜಾಗದಲ್ಲಿ ಬಿಚ್ಚಿ, ವಿಮಾನ ನಿಲ್ದಾಣಕ್ಕೆ ಎಳೆದೊಯ್ಯುವುದು ಯೋಜನೆ. ಕೂಡಲು ಎರಡು ಜಾಗಗಳನ್ನು ನೋಡಿದ್ದರು. ಒಂದು, ನೀರೂ ಕಲ್ಲಿದ್ದಲೂ ಇರುವ ದೊಡ್ಡ ನಿಲ್ದಾಣ. ಇನ್ನೊಂದು ಜಾಲಿಗಟ್ಟಿ ಹಾಲ್ಟ್ ಎಂಬ ಚಿಕ್ಕ ನಿಲುಗಡೆ. ಜಾಲಿಗಟ್ಟಿಯಲ್ಲಿ ಇಂಜಿನ್ ಹಿಂದುಮುಂದು ಮಾಡಲು ಲೋಕಲ್ ಹತ್ತು ನಿಮಿಷ ನಿಲ್ಲಬೇಕಾಗುತ್ತಿತ್ತು; ಗಿರಣಿಯವರು ತಡವಾಗುತ್ತಿದ್ದರು. ಆ ಹತ್ತು ನಿಮಿಷಕ್ಕಾಗಿಯೇ ಅದನ್ನು ಕೈಬಿಟ್ಟರು. ಆ ಹಾಲ್ಟೇ ಈಗ ಮುಚ್ಚಿದೆ. ಕಲ್ಲಿದ್ದಲು ಉಳಿಸಲು ಎರಡು ವರ್ಷದಿಂದ ಅಲ್ಲಿ ಯಾವ ಗಾಡಿಯೂ ನಿಲ್ಲುವುದಿಲ್ಲ.

ಮುರಿಗೆಪ್ಪ ಹೊಸ ಸಾಲಿನ ಮೇಲೆ ಅಳತೆಪಟ್ಟಿ ಇಟ್ಟು ಪೆನ್ಸಿಲಿನಿಂದ ಗೆರೆ ಮುಂದುವರಿಸಿದ. ಗೆರೆ ಕಬ್ಬು ದಾಟಿತು, ಹಳ್ಳ ದಾಟಿತು, ಜಾಲಿಗಟ್ಟಿಯ ಹೆಸರಿನ ಮೇಲೆ ಹೋಗಿ ನಿಂತಿತು.

ಆ ಸಂಜೆ ಆತ ಲೋಕಲ್ ಹತ್ತಿ ಗೋಕಾಕ ರೋಡ್ ನಿಲ್ದಾಣಕ್ಕೆ ಹೊರಟ. ಕಿಟಕಿಯ ಪಕ್ಕದ ಜಾಗ. ಹೊರಗೆ ಬೆಳಕು ಹಣ್ಣಾಗುತ್ತಿತ್ತು. ತಂತಿ ಕಂಬಗಳು ಒಂದೊಂದಾಗಿ ಬಂದು, ಏನೋ ಹೇಳಲಿದ್ದು ಹೇಳದೆಯೇ ಹಿಂದಕ್ಕೆ ಸರಿಯುತ್ತಿದ್ದವು. ಪ್ರತಿ ಕಂಬದ ಮೇಲೂ ಒಂದು ಅಂಕಿ. ಅದು ಮುಂದಕ್ಕೂ ನೋಡುತ್ತಿರಲಿಲ್ಲ, ಹಿಂದಕ್ಕೂ ನೋಡುತ್ತಿರಲಿಲ್ಲ. ನೇರ ಹಳಿಯ ಕಡೆಗೆ, ಅಡ್ಡಕ್ಕೆ, ಗಾಡಿಯಲ್ಲಿ ಹಾಯುವವರ ಮುಖಕ್ಕೆ ತಿರುಗಿತ್ತು.

ಮುರಿಗೆಪ್ಪ ನೆಟ್ಟಗೆ ಕುಳಿತ. ಸರ್ವೆಯವರು ಗೂಟವನ್ನು ನಡೆಯುವವನಿಗಾಗಿ ನೆಡುತ್ತಾರೆ. ರೈಲಿನವರು ಕಂಬವನ್ನು ಕಿಟಕಿಗಾಗಿ ನೆಡುತ್ತಾರೆ. ಇಪ್ಪತ್ತೇಳು ಗೂಟಗಳನ್ನು ನೆಟ್ಟ ಕೈ ಅಂಕಿ ಕಲಿತದ್ದು ಈ ಕಂಬಗಳಿಂದ.

ಆಗ ಜಾಲಿಗಟ್ಟಿ ಬಂತು. ಬಾಗಿಲು ಮುಚ್ಚಿದ ಒಂದು ಕೋಣೆ, ಒಂದು ಬೇವಿನ ಮರ, ಒಂದು ಗೇಟು. ಗೇಟಿನ ಬಳಿ ಹಸಿರು ಬಾವುಟ ಹಿಡಿದ ಹೆಂಗಸೊಬ್ಬಳು. ಗಾಡಿ ನಿಲ್ಲದೆ ಹಾಯಿತು. ಆಕೆ ಇಂಜಿನ್ ನೋಡಲಿಲ್ಲ. ಒಂದಾದ ಮೇಲೊಂದು ಕಿಟಕಿಯನ್ನು, ಒಳಗಿನ ಒಂದೊಂದು ಮುಖವನ್ನು ನೋಡಿದಳು.

* * *

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಫೌಜದಾರನ ಟಾಂಗಾ ಜಾಲಿಗಟ್ಟಿಯ ಗೇಟಿನ ಮುಂದೆ ನಿಂತಿತು. ಖಂಡೆಪ್ಪ ಜೊತೆಗಿದ್ದ.

ಗೇಟಿನ ಯಮನವ್ವ ಕಂಬಳಿ ಹಾಸಿದಳು, ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಏನು ಕೆಲಸವೆಂದು ಕೇಳುವ ಅವಸರ ಅವಳಿಗಿರಲಿಲ್ಲ. ಬಂದವರು ಬೇಗ ಎದ್ದು ಹೋದಾರೆಂಬ ಹೆದರಿಕೆಯೊಂದೇ ಕಣ್ಣಿನಲ್ಲಿತ್ತು. ಆಕೆಯ ಗಂಡ ಸತ್ತೆಪ್ಪ ಸುತ್ತಿಗೆ ಹಿಡಿದು ಹಳಿ ಪರೀಕ್ಷಿಸುತ್ತಿದ್ದವನು. ಆತ ತೀರಿದ ಮೇಲೆ ಗೇಟಿನ ಕೆಲಸ ಇವಳಿಗೆ ಬಂದಿತ್ತು. ಅದನ್ನೆಲ್ಲ ಕೇಳದೆಯೇ ಹೇಳಿದಳು. ಹಾಲ್ಟ್ ನಡೆಯುತ್ತಿದ್ದಾಗ ಯಾವ ಊರಿನ ಯಾರು ಇಳಿಯುತ್ತಿದ್ದರು, ಯಾರ ಮಗಳಿಗೆ ಎಲ್ಲಿ ಗಂಡು ನೋಡಿದ್ದರು, ಎಲ್ಲ ನೆನಪಿತ್ತು.

"ಅಂಕಿ ಓದಾಕ ಎಲ್ಲಿ ಕಲತ್ರಿ?" ಎಂದು ಮುರಿಗೆಪ್ಪ ಮೆಲ್ಲಗೆ ಕೇಳಿದ.

"ನಮ್ಮವ್ರು ಬುತ್ತಿ ತಗೊಂಡು ಬಾ ಅಂತಿದ್ರು. ಇಂಥಾ ಕಂಬದ ಹಂತ್ಯಾಕ ಇರತೇನಿ ಅಂತಿದ್ರು. ಹಂಗ ಕಲತ್ನ್ರಿ. ನನಗ ಸಾಲಿ ಅಂದ್ರ ಅವ ಕಂಬ."

 ಫೌಜದಾರ ತಾನು ಕಂಡದ್ದನ್ನು ಒಂದೊಂದಾಗಿ ಹೇಳಿದ. ಸಾಲು ತಪ್ಪದ ಅಂಕಿಗಳು, ಅಂದರೆ ಓದಬಲ್ಲವರು. ಅಡ್ಡಕ್ಕೆ ತಿರುಗಿದ ಅಂಕಿಗಳು, ಅಂದರೆ ಸರ್ವೆಯವರಲ್ಲ, ರೈಲಿನವರು. ಹಗ್ಗದ ಗೀರು ಮತ್ತು ತಿರುವುಮುರುವಾಗಿ ಹೊರಟ ಕಟ್ಟಿಗೆಯ ಹೊರೆ, ಅಂದರೆ ಹೆಂಗಸು. ಎಡಕ್ಕೆ ಹೊರಳಿದ ದಾರಿಯ ತುದಿಯಲ್ಲಿ ಒಂದೇ ಒಲೆಯ ಹೊಗೆ. ಹಾಡಹಗಲೇ ಮಾಡಿದ ಕೆಲಸ. ಕಟ್ಟಿಗೆ ಹೊತ್ತ ಹೆಂಗಸಿನ ಮುಖವನ್ನು ಯಾರೂ ನೋಡುವುದಿಲ್ಲ.

ಯಮನವ್ವ ಅಲ್ಲಗಳೆಯಲಿಲ್ಲ.

"ಇಲ್ಲೇ ಈ ಕಂಬಳಿ ಮ್ಯಾಲೆ ಕುಂತು ಚಾ ಕುಡಕೋತ ಮಾತಾಡಿದ್ರು, ಸರ್ವೆ ಸಾಹೇಬ್ರು. ಇಲ್ಲಿ ಕೂಡಿದ್ರ ಗಾಡಿ ಹತ್ತ ಮಿನಿಟ ನಿಲ್ಲಬೇಕಾಗತೈತಿ, ಅದ ತೊಂದ್ರಿ ಅಂದ್ರು. ಹತ್ತ ಮಿನಿಟ ಅಂದ್ರ ಎಷ್ಟ ಮಂದಿನ್ನ ಮಾತಾಡಸಬಹುದು. ಗೂಟ ಎಲ್ಲಿ ಇರತಾವೋ ಹಳಿ ಅಲ್ಲೇ ಹಾಕತಾರ ಅಂತ ತಿಳದ್ನಿ. ಯಾರ ಮನೀದೂ ಕದ್ದಿಲ್ರಿ. ಎಲ್ಲಾ ಎಣಿಸಿ ನೆಟ್ಟೇನಿ."

"ನೀವು ಎಣಿಸಿ ನೆಟ್ಟಿದ್ದಕ್ಕ ಹೊಳೆಪ್ಪ ಅನ್ನೂ ಕುರಬ ನಿನ್ನಿ ಮಧ್ಯಾಹ್ನದಿಂದ ಠಾಣ್ಯಾಗ ಅದಾನ. ಹನ್ನೆರಡಕ್ಕ ಬೆಳಗಾವಿಗೆ ಒಯ್ತಾರ. ತಿರುಗಿ ಬರ್ತಾನೋ ಇಲ್ಲೋ."

ಅವಳ ಕೈಯಲ್ಲಿದ್ದ ಚೆಂಬು ನೆಲಕ್ಕೆ ಬಂತು. 

"ಗೊತ್ತಿದ್ರ ನಿನ್ನೇನ ಬರತಿದ್ನಿ," ಎಂದಳು. "ನನಗ ಯಾರ್ ಹೇಳಬೇಕ್ರಿ ಸಾಹೇಬ್ರ? ನಿನ್ನಿ ಮುಂಜಾನಿಂದ ಈ ಗೇಟ ದಾಟಿದ್ದು ಒಂದ ನಾಯಿ."

ಟಾಂಗಾದಲ್ಲಿ ಹೋದರೆ ಗೋಕಾಕ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆಯಾಗುತ್ತದೆ. ಲಾರಿ ಹೋಗಿಬಿಟ್ಟಿರುತ್ತದೆ. ಹತ್ತು ಗಂಟೆಯ ಲೋಕಲ್ ಒಂದೇ ದಾರಿ. ಮುರಿಗೆಪ್ಪ ಅವಳ ಕಡೆ ನೋಡಿದ. ಅವಳು ಒಳಗೆ ಹೋಗಿ ಕೆಂಪು ಬಾವುಟ ತಂದಳು. ಗೇಟಿನ ಬೀಗದ ಕೈಯನ್ನು ಖಂಡೆಪ್ಪನ ಕೈಗಿತ್ತು, ಯಾವ ಗಾಡಿಗೆ ಎಷ್ಟು ಹೊತ್ತಿಗೆ ಗೇಟು ಹಾಕಬೇಕೆಂದು ಎರಡೆರಡು ಸಲ ಹೇಳಿದಳು. ಬದಲಿ ಆಳು ಬರುವ ತನಕ ತಾನೊಬ್ಬನೇ ಇಲ್ಲಿರಬೇಕೇ ಎಂದು ಖಂಡೆಪ್ಪ ಗೊಣಗಿದ. 

ಎರಡು ವರ್ಷಗಳ ಮೇಲೆ ಜಾಲಿಗಟ್ಟಿಯಲ್ಲಿ ಗಾಡಿ ನಿಂತಿತು. ಗಾರ್ಡು ಬೈಯುತ್ತ ಓಡಿಬಂದವನು ಫೌಜದಾರನ ಟೋಪಿ ನೋಡಿ ಸುಮ್ಮನಾದ. ಪ್ರತಿ ಕಿಟಕಿಯಿಂದಲೂ ತಲೆಗಳು ಹೊರಬಂದವು; ಏನಾತು, ಯಾರಿಗಾತು ಎಂದು ಎಲ್ಲರೂ ಕೇಳಿದರು. ಯಮನವ್ವ ಯಾರಿಗೂ ಉತ್ತರ ಕೊಡಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಹತ್ತಿದಳು.

* * *

ಲಾರಿ ಠಾಣೆಯ ಮುಂದೆ ನಿಂತಿದ್ದಾಗಲೇ ಅವರು ತಲುಪಿದರು. ಮುರಿಗೆಪ್ಪ ಅವಳ ಹೇಳಿಕೆಯನ್ನು ಅವಳ ಮಾತಿನಲ್ಲೇ ಬರೆದ. ದ್ರೋಹ ಎಂಬ ಶಬ್ದ ಬರೆಯಬೇಕಾದ ಜಾಗದಲ್ಲಿ ಕಿಡಿಗೇಡಿತನ ಎಂದು ಬರೆದ. ಲಾರಿಯ ಅಧಿಕಾರಿ ಓದಿ, ಗೇಟಿನ ಮುದುಕಿಯನ್ನು ಬೆಳಗಾವಿಗೆ ಒಯ್ದು ತಾನೇನು ಮಾಡಲಿ ಎಂದು ಖಾಲಿ ಲಾರಿಯೊಂದಿಗೆ ಹೊರಟುಹೋದ. ಇನ್ನು ಅದು ಗೋಕಾಕದ ಕೋರ್ಟಿನ ವಿಷಯ. ನೌಕರಿ ಉಳಿಯುವುದಿಲ್ಲ, ಅದನ್ನು ಫೌಜದಾರ ಅವಳಿಗೆ ಮರೆಮಾಡದೆ ಹೇಳಿದ.

ಹೊಳೆಪ್ಪನನ್ನು ಬಿಟ್ಟರು. ಆತ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಬಂದ. ಯಾರಿಂದ ತನಗೆ ಹೀಗಾಯಿತೆಂಬುದು ಅವನಿಗೆ ತಿಳಿದಿತ್ತು. ಪಡಸಾಲೆಯ ಬೆಂಚಿನ ಮೇಲೆ ಕುಳಿತಿದ್ದ ಯಮನವ್ವನನ್ನು ದಾಟಿ ಮೆಟ್ಟಿಲಿನ ತನಕ ಹೋದ. ಅಲ್ಲಿ ನಿಂತ.

"ಹೋಗೋ ಮಾರಾಯ, ಬಿಟ್ಟೇವಲ್ಲ ನಿನ್ನ," ಎಂದ ಬಾಗಿಲ ಪೊಲೀಸ.

"ಹೋಗತೇನ್ರಿ," ಎಂದ ಹೊಳೆಪ್ಪ.

ಆದರೆ ಹೋಗಲಿಲ್ಲ. ತಿರುಗಿ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ. ಅವಳು ತಲೆಯೆತ್ತಲಿಲ್ಲ. ಒಳಗೆ ಮುರಿಗೆಪ್ಪ ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟ. ಹೊಳೆಪ್ಪನ ದನಿ ಕೇಳಿಸಿತು. ಅದರಲ್ಲಿ ಸಿಟ್ಟು ಇನ್ನೂ ಇತ್ತು.

"ಮುಂಜಾನಿಂದ ಏನರೆ ಉಂಡಿಯೇನವಾ?"