ಗಾಜಿನಾಚೆಯ ಎಡಗಣ್ಣು

ಅವನ ಮುಖವನ್ನು ಅವಳು ಸರಿಯಾಗಿ ನೋಡಿದ್ದೇ ಕಡಿಮೆ. ನೋಡಿದ್ದೆಲ್ಲ ಎಡಗಣ್ಣನ್ನು.

ಅವಳು ಸ್ಕ್ಯಾನ್ ಟೆಕ್ನಿಷಿಯನ್. ಅವನು ಅಂಗಡಿಗಳಿಗೆ ಬೋರ್ಡ್ ಬರೆಯುವ ಕಲಾವಿದ. ಅಕ್ಷರ ಕಂಡಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂದು ತಿಳಿಯುವ ಅಧ್ಯಯನಕ್ಕೆ ತಾನಾಗಿಯೇ ಬಂದವನು. ವಾರಕ್ಕೊಮ್ಮೆ ಬಂದು ಯಂತ್ರದೊಳಗೆ ಮಲಗುತ್ತಾನೆ, ಕಣ್ಣೆದುರು ಅಕ್ಷರಗಳು ಮೂಡುತ್ತವೆ. ನಡುವಿನ ಗಾಜುಗೋಡೆಯ ಈಚೆ, ಯಂತ್ರದೊಳಗಿನ ಕ್ಯಾಮೆರಾ ಹಿಡಿದ ಅವನ ಎಡಗಣ್ಣು ಇವಳ ಪರದೆಯ ತುಂಬ. ಆ ಕಣ್ಣಿಗೆ ನಿದ್ದೆ ಹತ್ತದಂತೆ ಕಾಯುವುದು ಇವಳ ಕೆಲಸ. ನಿದ್ದೆ ಕೆಟ್ಟದ್ದು ಮಾತ್ರ ಇವಳದು.

"ಒಂದೇ ಕಣ್ಣು ನೋಡಿ ಮನಸ್ಸು ಕೊಟ್ಟವಳು ನೀನೊಬ್ಬಳೇ ಕಣೇ," ಎಂದು ಅಕ್ಕ ನಕ್ಕಿದ್ದಳು. "ಬಾಯಿಬಿಟ್ಟು ಹೇಳಬಾರದಾ?"

ಹೇಳುವುದೆಲ್ಲಿ ಬಂತು! ಇವತ್ತೇ ಕೊನೆಯ ಸ್ಕ್ಯಾನ್. ಮುಗಿದರೆ ಅವನು ಇತ್ತ ಬರಲು ಕಾರಣವೇ ಇಲ್ಲ.

ಮೈಕಿನ ಗುಂಡಿ ಒತ್ತಿದಳು. "ಇದು ಕೊನೇ ಸುತ್ತು. ಆರಾಮಾಗಿದೀರಾ?"

"ಆರಾಮು."

"ತಲೆ ಅಲ್ಲಾಡಿಸಬೇಡಿ."

ಯಂತ್ರ ಟಕಟಕ ಶುರುಮಾಡಿತು. ಪರದೆಯ ಮೇಲೆ ಆ ಉದ್ದ ರೆಪ್ಪೆ ಮೆಲ್ಲಗೆ ಮುಚ್ಚಿ ತೆರೆಯಿತು. ಅವಳಿಗೆ ತಡೆಯಲಾಗಲಿಲ್ಲ.

"ಹೋಗಿಬಿಡ್ತೀರಲ್ಲ," ಎಂದು ಆ ಕಣ್ಣಿಗೇ ಹೇಳಿದಳು. "ನಾಳೆಯಿಂದ ನಾನು ಯಾರನ್ನ ಕಾಯ್ಲಿ?"

ಬೆರಳು ಇನ್ನೂ ಮೈಕಿನ ಗುಂಡಿಯ ಮೇಲೇ ಇತ್ತು.

ಕಣ್ಣು ಅರಳಿತು. ತಲೆ ಗಾಜಿನ ಕಡೆ ತಿರುಗಿತು. ಚಲನೆ ತೋರಿಸುವ ಗೆರೆ ಜಿಗಿದು ಮೇಲೇರಿತು. ಅವಳಿಗೆ ಜೀವವೇ ಬಾಯಿಗೆ ಬಂತು. ಸ್ಕ್ಯಾನ್ ನಿಲ್ಲಿಸಿ ಅವನನ್ನು ಹೊರಗೆ ಕರೆದಳು.

ಚಪ್ಪಟೆಯಾದ ಕೂದಲನ್ನು ಸರಿಪಡಿಸಿಕೊಳ್ಳುತ್ತ ಬಂದ. "ಹಾಳಾಯ್ತಾ?"

"ಹೂಂ. ತಲೆ ಅಲ್ಲಾಡಿಸಿದ್ರಿ."

"ನೀವು ಹಾಗಂದ್ಮೇಲೆ ಕಲ್ಲಿನ ಥರ ಮಲಗಿರೋಕಾಗತ್ತಾ?" ಮೆಲ್ಲಗೆ ನಕ್ಕ. "ಮುಂದಿನ ವಾರ ಮತ್ತೆ ಬರ್ಲಾ?"

ಇನ್ನೂ ಒಂದು ವಾರ. ಆಸೆಗೆ ಅವಳ ಬಾಯಲ್ಲಿ 'ಬನ್ನಿ' ಅಂತಲೇ ಬಂದಿತ್ತು. ಆದರೆ ಮತ್ತೆ ನಡುವೆ ಅದೇ ಗಾಜು, ಮತ್ತೆ ಬಾಯಿಗೆ ಬೀಗ. ಸಾಕಾಗಿತ್ತು ಅವಳಿಗೆ.

"ಬೇಡ. ಬೇಕಾದವರನ್ನ ಸ್ಕ್ಯಾನ್ ಮಾಡೋ ಹಾಗಿಲ್ಲ ನಾನು. ಅದು ಇಲ್ಲಿನ ನಿಯಮ."

"ನಾನ್ಯಾವಾಗ ನಿಮಗೆ ಬೇಕಾದವನಾದೆ?"

"ಅದೇ ಗೊತ್ತಾಗ್ಲಿಲ್ಲ," ಎಂದಳು.

ಅವನ ನಗು ಹೋಗಿ ಮುಖ ಕೆಂಪಾಗಿತ್ತು. "ಹಾಗಾದ್ರೆ ನನ್ನನ್ನ ಈ ಅಧ್ಯಯನದಿಂದ ತೆಗೆದುಹಾಕಿಬಿಡಿ," ಎಂದ. "ಹೊರಗೆ ಕಾಯ್ತಿರ್ತೀನಿ."

ಅವಳು ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದಳು. ಅಷ್ಟು ವಾರಗಳ ಸ್ಕ್ಯಾನ್‌ಗಳೆಲ್ಲ ಲೆಕ್ಕಕ್ಕಿಲ್ಲವಾದವು. ಅಧ್ಯಯನ ನಡೆಸುವ ಪ್ರೊಫೆಸರ್ ಬೈಯುವುದು ಖಂಡಿತ. ಬೈಯಲಿ ಬಿಡು ಎಂದುಕೊಂಡು ಕೋಟು ಕಳಚಿಟ್ಟು, ಅವಳು ಬಾಗಿಲು ತೆರೆದಳು.